ಅರ್ಧ ಅರ್ಜಿ ನಿಮ್ಮ ಮೇಜಿನ ಮೇಲಿದೆ: ಪದವಿಪೂರ್ವ ಕಾಲೇಜುಗಳ ಪ್ರಾಂಶುಪಾಲರಿಗೊಂದು ಬಹಿರಂಗ ಪತ್ರ

ಇವರಿಗೆ,
ಕರ್ನಾಟಕದ ಸರ್ಕಾರಿ, ಅನುದಾನಿತ ಹಾಗೂ ಖಾಸಗಿ ಪದವಿಪೂರ್ವ ಕಾಲೇಜುಗಳ ಪ್ರಾಂಶುಪಾಲರು

ಮಾನ್ಯರೇ,

ದ್ವಿತೀಯ ಪಿಯುಸಿ ವಿದ್ಯಾರ್ಥಿನಿಯೊಬ್ಬಳು ಅಮೆರಿಕದ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುತ್ತಾಳೆಂದರೆ, ಆ ಅರ್ಜಿಯಲ್ಲಿ ಅವಳು ತುಂಬುವುದು ಒಂದು ಪಾಲು ಮಾತ್ರ. 650 ಪದ ಮೀರದ ಪ್ರಬಂಧ, ಹತ್ತು ಚಟುವಟಿಕೆಗಳ ಪಟ್ಟಿ, ಅಲ್ಲಿನ ಪ್ರವೇಶ ಪರೀಕ್ಷೆಯಾದ ಎಸ್‌ಎಟಿ ಅಂಕ, ಅಲ್ಲಿನ ಒಂದೊಂದು ಕಾಲೇಜು ಕೇಳುವ ಕಿರುಪ್ರಶ್ನೆಗಳಿಗೆ ಉತ್ತರ, ಇಷ್ಟು ಅವಳದು. ಉಳಿದದ್ದು ನಿಮ್ಮಿಂದ ಹೋಗಬೇಕು. ಶಾಲಾ ವರದಿ, ಸಲಹೆಗಾರರ (ನಮ್ಮಲ್ಲಿ ಪ್ರಾಂಶುಪಾಲರ) ಪತ್ರ, ಒಂಬತ್ತನೇ ತರಗತಿಯಿಂದ ಇಂದಿನವರೆಗಿನ ಅಂಕಗಳ ದಾಖಲೆ, ಕಾಲೇಜಿನ ಪರಿಚಯ ಪತ್ರ, ಇಬ್ಬರು ಉಪನ್ಯಾಸಕರ ಶಿಫಾರಸು, ಫೆಬ್ರವರಿಯ ಹೊತ್ತಿಗೆ ಮಧ್ಯವಾರ್ಷಿಕ ವರದಿ, ಫಲಿತಾಂಶದ ನಂತರ ಅಂತಿಮ ವರದಿ. ಈ ಎರಡನೆಯ ಪಾಲು ನಮ್ಮ ಎಷ್ಟೋ ಕಾಲೇಜುಗಳಿಂದ ಹೋಗುವುದೇ ಇಲ್ಲ. ಹೋದರೆ ತಡವಾಗಿ ಹೋಗುತ್ತದೆ, ಇಲ್ಲವೇ ಸುಳ್ಳಾಗಿ ಹೋಗುತ್ತದೆ. ಮಕ್ಕಳು ಸೋಲುವುದು ಎಷ್ಟೋ ಸಲ ಇಲ್ಲಿ. ಯಾಕೆ ಸೋತೆವೆಂಬುದು ಅವರಿಗೆ ಗೊತ್ತೂ ಆಗುವುದಿಲ್ಲ, ಏಕೆಂದರೆ ತಿರಸ್ಕಾರದ ಪತ್ರದಲ್ಲಿ ಕಾರಣ ಬರೆಯುವ ಪದ್ಧತಿ ಅಲ್ಲಿಲ್ಲ.

ಮೊದಲು ಒಂದು ಮಾತಿಗೆ ಉತ್ತರ ಹೇಳಬೇಕು. ಕಾಲೇಜು ಕಚೇರಿಗಳಲ್ಲಿ ಪದೇ ಪದೇ ಕೇಳಿಬರುವ ಮಾತು ಅದು: "ಅಮೆರಿಕ ಅಂದರೆ ದುಡ್ಡಿದ್ದವರ ವ್ಯವಹಾರ, ಅವರು ಏಜೆಂಟರ ಹತ್ತಿರ ಮಾಡಿಸಿಕೊಳ್ಳಲಿ." ವರ್ಷಕ್ಕೆ 80 ಸಾವಿರ ಡಾಲರ್ ದಾಟಿದ ಖರ್ಚನ್ನು ನೋಡಿದರೆ ಹಾಗನ್ನಿಸುವುದು ಸಹಜ. ಆದರೆ ಅತಿ ಕಠಿಣ ಆಯ್ಕೆಯ ಕೆಲವು ಸಂಸ್ಥೆಗಳ ವಿಷಯದಲ್ಲಿ ಅದು ತಲೆಕೆಳಗಾದ ಮಾತು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ ಮತ್ತು ಆ್ಯಮ್‌ಹರ್ಸ್ಟ್ ವಿದೇಶಿ ಅರ್ಜಿದಾರರನ್ನು ಆರಿಸುವಾಗಲೂ ಆ ಕುಟುಂಬ ಎಷ್ಟು ಕಟ್ಟಬಲ್ಲದು ಎಂದು ನೋಡುವುದಿಲ್ಲ. ಆರಿಸಿದ ಮೇಲೆ, ಮನೆಯವರ ಕೈಲಾಗದ ಅಷ್ಟನ್ನೂ ನೆರವಾಗಿ ಕೊಡುತ್ತವೆ. 2022ರಲ್ಲಿ ಡಾರ್ಟ್‌ಮತ್ ಮತ್ತು ಬೋಡಿನ್ ಕಾಲೇಜುಗಳು, 2025ರ ಪ್ರವೇಶದಿಂದ ಬ್ರೌನ್ ವಿಶ್ವವಿದ್ಯಾಲಯ ಇದೇ ಸಾಲಿಗೆ ಬಂದವು. ಹಾರ್ವರ್ಡ್ 2025-26ರಿಂದ ವಾರ್ಷಿಕ ಆದಾಯ 1 ಲಕ್ಷ ಡಾಲರ್ ಒಳಗಿರುವ, ಸಾಮಾನ್ಯ ಆಸ್ತಿಯ ಕುಟುಂಬಗಳಿಂದ ಊಟ ವಸತಿಯೂ ಸೇರಿ ಏನನ್ನೂ ಕೇಳುವುದಿಲ್ಲ. ಸ್ಟ್ಯಾನ್‌ಫರ್ಡ್, ಕೊಲಂಬಿಯಾದಂಥವು ವಿದೇಶಿಯರ ಮಟ್ಟಿಗೆ ಹಣದ ಅಗತ್ಯವನ್ನೂ ತೂಗಿ ನೋಡುತ್ತವೆ. ಹಾಗಿದ್ದೂ ಆರಿಸಿಕೊಂಡವರ ಕೈ ಬಿಡುವುದಿಲ್ಲ. ಸುಲಭವಾಗಿ ಸೀಟು ಸಿಗುವ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲೇ ವಿದೇಶಿ ಪದವಿ ವಿದ್ಯಾರ್ಥಿಗೆ ನೆರವು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಜಾಣೆಯಾದ ಬಡ ಹುಡುಗಿಗೆ ಅಮೆರಿಕದಲ್ಲಿ ನಿಜವಾಗಿ ತೆರೆದಿರುವ ಬಾಗಿಲೆಂದರೆ ಈ ಕಠಿಣವಾದ ಬಾಗಿಲುಗಳೇ. ನೂರು ಅರ್ಜಿಯಲ್ಲಿ ನಾಲ್ಕೈದಕ್ಕೆ ಮಾತ್ರ ಒಪ್ಪಿಗೆ ಸಿಗುವ ಕಡೆ, ಕಾಲೇಜಿನಿಂದ ಬಂದ ಕಾಗದ ಖಾಲಿಯಿದ್ದರೆ ಏಜೆಂಟರಿಗೆ ಕೊಟ್ಟ ಹಣದಿಂದ ಅದು ತುಂಬುವುದಿಲ್ಲ.

ಈಗ ಅಂಕಗಳ ದಾಖಲೆಯ ವಿಷಯ. ಹೆಚ್ಚಿನ ತೊಡಕು ಹುಟ್ಟುವುದೇ ಇಲ್ಲಿ. ಅಮೆರಿಕದ ಹೈಸ್ಕೂಲೆಂದರೆ 9ರಿಂದ 12ರವರೆಗಿನ ನಾಲ್ಕು ವರ್ಷ, ಒಂದೇ ಕಟ್ಟಡ, ಒಂದೇ ಕಡತ. ನಮ್ಮಲ್ಲಿ ಅದು ಮಧ್ಯದಲ್ಲಿ ತುಂಡಾಗಿದೆ. ಒಂಬತ್ತು, ಹತ್ತು ಪ್ರೌಢಶಾಲೆಯಲ್ಲಿ. ಪ್ರಥಮ, ದ್ವಿತೀಯ ಪಿಯುಸಿ ನಿಮ್ಮಲ್ಲಿ. "ಒಂಬತ್ತನೆಯದು ನಮ್ಮ ಹತ್ತಿರ ಇಲ್ಲ, ಹಳೆ ಶಾಲೆಯಲ್ಲಿ ಕೇಳು" ಎಂದು ನೀವು ಕಳುಹಿಸುತ್ತೀರಿ, "ಟಿಸಿ ಕೊಟ್ಟಾಯಿತಲ್ಲ, ಇನ್ನೇನು" ಎಂದು ಅವರು ವಾಪಸು ಕಳುಹಿಸುತ್ತಾರೆ. ಅಕ್ಟೋಬರ್ ಹಾಗೇ ಕಳೆಯುತ್ತದೆ. ಪರಿಹಾರ ಒಂದೇ ಹಾಳೆಯಷ್ಟು. ಕಾಲೇಜಿನ ಲೆಟರ್‌ಹೆಡ್ ಮೇಲೆ ನಾಲ್ಕು ವರ್ಷದ ಪಟ್ಟಿ ಬರೆಯಿರಿ. 9 ಮತ್ತು 10ನೇ ತರಗತಿಯ ಅಂಕಗಳನ್ನು ಮೂಲ ಅಂಕಪಟ್ಟಿ ನೋಡಿ ನಮೂದಿಸಲಾಗಿದೆ, ಅವು ಇಂಥ ಪ್ರೌಢಶಾಲೆಯವು ಎಂದು ಕೆಳಗೆ ಒಂದು ಸಾಲು ಸೇರಿಸಿ, ಆ ಅಂಕಪಟ್ಟಿಗಳ ಪ್ರತಿಯನ್ನು ಹಿಂದೆ ಇಟ್ಟು, ಸಹಿ ಮತ್ತು ಮೊಹರು ಹಾಕಿದರೆ ಸಾಕು. ಕನ್ನಡ ಮಾಧ್ಯಮದ ಶಾಲೆಯ ಒಂಬತ್ತನೇ ತರಗತಿಯ ಪ್ರಗತಿಪತ್ರ ಕನ್ನಡದಲ್ಲೇ ಇದ್ದರೆ ನಿಮ್ಮ ಇಂಗ್ಲಿಷ್ ಉಪನ್ಯಾಸಕರು ಅನುವಾದಿಸಿ ಸಹಿ ಮಾಡಲಿ. ವಿದ್ಯಾರ್ಥಿಯೇ ಅನುವಾದಿಸಬಾರದು.

ಆ ಹಾಳೆಯಲ್ಲಿ ಲೆಕ್ಕದ ರೀತಿಯನ್ನೂ ವಿವರಿಸಬೇಕು. ಎಸ್ಸೆಸ್ಸೆಲ್ಸಿ ಒಟ್ಟು 625, ಅದರಲ್ಲಿ ಪ್ರಥಮ ಭಾಷೆಗೆ 125. ಇದನ್ನು ಬರೆಯದೆ ಕನ್ನಡಕ್ಕೆ 121 ಎಂದು ಹಾಕಿದರೆ, ನೂರಕ್ಕೆ ನೂರಿಪ್ಪತ್ತೊಂದು ಹೇಗೆ ಎಂದು ಓದುವವರು ಅಲ್ಲೇ ನಿಲ್ಲುತ್ತಾರೆ. ದ್ವಿತೀಯ ಪಿಯುಸಿ ಆರು ವಿಷಯ, 600 ಅಂಕ, ಶೇ. 85 ಮತ್ತು ಮೇಲೆ ಡಿಸ್ಟಿಂಕ್ಷನ್. ಪ್ರಥಮ ಪಿಯುಸಿ ಅಂಕಕ್ಕೂ ಮಂಡಳಿಯ ಅಂಕಪಟ್ಟಿಗೂ ಇರುವ ವ್ಯತ್ಯಾಸವನ್ನೂ ಹೇಳಿ. ಇವಕ್ಕೆ ಎರಡೆರಡು ಸಾಲು ಸಾಕು. ದಯವಿಟ್ಟು ಒಂದನ್ನು ಮಾತ್ರ ಮಾಡಬೇಡಿ: ಶೇಕಡಾವಾರನ್ನು ಜಿಪಿಎಗೆ, ಅಂದರೆ ನಾಲ್ಕಕ್ಕೆ ಇಷ್ಟು ಎಂಬ ಅಮೆರಿಕದ ಸರಾಸರಿ ಲೆಕ್ಕಕ್ಕೆ, ಪರಿವರ್ತಿಸಬೇಡಿ. ಜಾಲತಾಣಗಳಲ್ಲಿ ಸಿಗುವ ಸೂತ್ರದಂತೆ ಶೇಕಡಾವಾರನ್ನು 25ರಿಂದ ಭಾಗಿಸಿದರೆ, ಶೇ. 88 ಪಡೆದ ಹುಡುಗ 3.52 ಆಗುತ್ತಾನೆ, ಅಲ್ಲಿಯವರ ಕಣ್ಣಿಗೆ ಸಾಧಾರಣ ವಿದ್ಯಾರ್ಥಿಯಾಗಿಬಿಡುತ್ತಾನೆ. ಆ ಕಾಲೇಜುಗಳು ಪರಿವರ್ತನೆ ಕೇಳುವುದಿಲ್ಲ. ನಮ್ಮ ಅಂಕ ನಮ್ಮ ರೀತಿಯಲ್ಲೇ ಇರಲಿ. ಆ ಅಂಕದ ಬೆಲೆ ಎಷ್ಟು ಎಂಬುದನ್ನು ಪರಿಚಯ ಪತ್ರ ಹೇಳುತ್ತದೆ.

ಪರಿಚಯ ಪತ್ರವೆಂದರೆ ಕಾಲೇಜಿನ ಬಗೆಗಿನ ಒಂದೆರಡು ಪುಟ, ಅಷ್ಟೆ. ಸರ್ಕಾರಿಯೋ ಅನುದಾನಿತವೋ, ಊರು ಎಂಥದ್ದು, ಎಷ್ಟು ವಿದ್ಯಾರ್ಥಿಗಳು, ಒಂದು ಸೆಕ್ಷನ್‌ನಲ್ಲಿ ಎಷ್ಟು ಜನ, ಯಾವ ಕಾಂಬಿನೇಷನ್‌ಗಳಿವೆ, ಕಳೆದ ವರ್ಷ ಎಷ್ಟು ಮಂದಿ ಶೇ. 85 ದಾಟಿದರು, ಅತಿ ಹೆಚ್ಚಿನ ಅಂಕ ಎಷ್ಟು. ಒಮ್ಮೆ ಬರೆದರೆ ಪ್ರತಿ ವರ್ಷ ಅಂಕಿ ಬದಲಿಸಿದರೆ ಮುಗಿಯಿತು. ಇನ್ನೂರು ಜನರಲ್ಲಿ ಆರು ಮಂದಿ ಮಾತ್ರ ಶೇ. 90 ದಾಟಿದ ಕಾಲೇಜಿನಿಂದ ಬಂದ 91ಕ್ಕೂ, ಅರ್ಧ ತರಗತಿಯೇ 95 ದಾಟಿದ ಕಾಲೇಜಿನ 91ಕ್ಕೂ ಇರುವ ಅಂತರವನ್ನು ತೋರಿಸುವ ಬೇರೆ ಕಾಗದ ಆ ಅರ್ಜಿಯಲ್ಲಿ ಇಲ್ಲ. ಹಳ್ಳಿಯ ಕಾಲೇಜಿಗೆ ಇದರಿಂದಾಗುವ ಉಪಕಾರ ದೊಡ್ಡದು. ಎಪಿ, ಐಬಿಯಂಥ ಮೇಲ್ಮಟ್ಟದ ಅಂತರರಾಷ್ಟ್ರೀಯ ಕೋರ್ಸುಗಳು ನಿಮ್ಮಲ್ಲಿಲ್ಲ ಎಂದು ಒಂದು ಸಾಲು ಬರೆದರೆ, ಅವನ್ನು ಓದಿಲ್ಲವೆಂದು ಮಗುವನ್ನು ಕೀಳಾಗಿ ಕಾಣುವುದಿಲ್ಲ. ಇದ್ದ ಅವಕಾಶದಲ್ಲಿ ಏನು ಮಾಡಿದಳು ಎಂದಷ್ಟೇ ನೋಡುತ್ತಾರೆ.

ಶಾಲಾ ವರದಿಯಲ್ಲಿ ತರಗತಿಯ ಸ್ಥಾನ ಕೇಳುತ್ತಾರೆ. ಸ್ಥಾನ ಲೆಕ್ಕ ಹಾಕುವ ಪದ್ಧತಿ ನಿಮ್ಮಲ್ಲಿಲ್ಲದಿದ್ದರೆ ಇಲ್ಲವೆಂದು ಗುರುತಿಸಲು ಅವಕಾಶವಿದೆ, ಅದರಿಂದ ನಷ್ಟವಿಲ್ಲ. ಉಪಕಾರವಾಗಲೆಂದು ಬಂದವರಿಗೆಲ್ಲ "ಮೊದಲ ಸ್ಥಾನ" ಎಂದು ಬರೆಯುವುದರಿಂದ ಆಗುವುದು ಅಪಕಾರ. ಒಂದೇ ಕಾಲೇಜಿನ ಅರ್ಜಿಗಳನ್ನು ಅಲ್ಲಿ ಒಟ್ಟಿಗೆ ಇಟ್ಟು ಓದುತ್ತಾರೆ. ಇಬ್ಬರು ಮೊದಲಿಗರು ಕಂಡರೆ ಇಬ್ಬರ ಮೇಲೂ ನಂಬಿಕೆ ಹೋಗುತ್ತದೆ, ಮುಂದಿನ ವರ್ಷದ ಮಕ್ಕಳಿಗೂ ಆ ನೆರಳು ತಾಗುತ್ತದೆ. ನಿರೀಕ್ಷಿತ ಅಂಕಗಳ ವಿಷಯವೂ ಇದೇ. ಮಧ್ಯವಾರ್ಷಿಕದಲ್ಲಿ 82 ಪಡೆದವನಿಗೆ 97 ಎಂದು ಊಹಿಸಿ ಬರೆದುಕೊಟ್ಟು, ಏಪ್ರಿಲ್‌ನಲ್ಲಿ 84 ಬಂದರೆ, ಕೊಟ್ಟ ಸೀಟನ್ನು ಹಿಂದಕ್ಕೆ ಪಡೆಯುವ ಅಧಿಕಾರ ಅವರಿಗಿದೆ.

ಇನ್ನು ಶಿಫಾರಸು ಪತ್ರ. ನಮ್ಮ ಕಾಲೇಜುಗಳಿಂದ ಹೋಗುವ ಪತ್ರಗಳು ಬಹುಮಟ್ಟಿಗೆ ನಡತೆ ಪ್ರಮಾಣಪತ್ರದ ಅಚ್ಚಿನಲ್ಲೇ ಇರುತ್ತವೆ. ವಿಧೇಯಳು, ಸಮಯಪಾಲಕಳು, ಒಳ್ಳೆಯ ಮನೆತನದವಳು, ಉಜ್ವಲ ಭವಿಷ್ಯ ಹಾರೈಸುತ್ತೇನೆ. ಹೆಸರು ಬದಲಿಸಿದರೆ ಯಾರಿಗಾದರೂ ಹೊಂದುವ ಈ ನಾಲ್ಕು ಸಾಲುಗಳಿಂದ ಆಯ್ಕೆ ಸಮಿತಿಗೆ ತಿಳಿಯುವುದು ಏನೂ ಇಲ್ಲ. ಅವರು ಕೇಳುವುದು ಕಣ್ಣಾರೆ ಕಂಡದ್ದನ್ನು. ಭೌತಶಾಸ್ತ್ರದ ಲ್ಯಾಬಿನಲ್ಲಿ ಎಲ್ಲರೂ ಪುಸ್ತಕದ ಉತ್ತರಕ್ಕೆ ರೀಡಿಂಗ್ ಹೊಂದಿಸಿ ಬರೆದಾಗ, ತನ್ನ ರೀಡಿಂಗ್ ಯಾಕೆ ಹೊಂದುತ್ತಿಲ್ಲ ಎಂದು ಸಂಜೆಯವರೆಗೂ ವೈರು ಬಿಚ್ಚಿ ಕಟ್ಟುತ್ತ ಕೂತವನ ಬಗ್ಗೆ ಅಷ್ಟನ್ನೇ ಬರೆದರೂ ಅದು ಪತ್ರ. ಎಂಬತ್ತು, ತೊಂಬತ್ತು ಜನರ ಸೆಕ್ಷನ್‌ನಲ್ಲಿ ಎಲ್ಲರನ್ನೂ ನೆನಪಿಡುವುದು ಕಷ್ಟವೆಂಬುದು ನಿಜ. ಅದಕ್ಕೇ ಪ್ರಥಮ ಪಿಯುಸಿ ಮುಗಿಯುವ ಮೊದಲೇ, ಅರ್ಜಿ ಹಾಕುವ ಉದ್ದೇಶವಿರುವವರಿಂದ ಒಂದು ಪುಟದ ಟಿಪ್ಪಣಿ ಬರೆಸಿಕೊಳ್ಳಿ: ನಿಮ್ಮ ತರಗತಿಯಲ್ಲಿ ಏನು ಕೇಳಿದ್ದೆ, ಎಲ್ಲಿ ಎಡವಿದೆ, ಯಾವ ಪಾಠಕ್ಕಾಗಿ ಹೊರಗೆ ಹುಡುಕಿ ಓದಿದೆ. ನವೆಂಬರ್ 1ರ ಗಡುವಿಗೆ ದ್ವಿತೀಯ ವರ್ಷದ ಉಪನ್ಯಾಸಕರು ಮಗುವನ್ನು ನೋಡಿರುವುದು ಕೆಲವೇ ತಿಂಗಳು. ಪ್ರಥಮ ವರ್ಷದಲ್ಲೂ ಪಾಠ ಮಾಡಿದವರೇ ಬರೆಯುವುದು ಉತ್ತಮ.

ಯಾರು ಬರೆಯಬೇಕೆಂಬುದರಲ್ಲೂ ತಪ್ಪು ನಡೆಯುತ್ತಿದೆ. ಎಂಐಟಿ ಒಂದು ಪತ್ರವನ್ನು ಗಣಿತ ಅಥವಾ ವಿಜ್ಞಾನದವರಿಂದ, ಇನ್ನೊಂದನ್ನು ಮಾನವಿಕ, ಸಮಾಜ ವಿಜ್ಞಾನ ಅಥವಾ ಭಾಷೆಯವರಿಂದ ಕೇಳುತ್ತದೆ. ಪಿಸಿಎಂಬಿ ವಿದ್ಯಾರ್ಥಿಗೆ ಎರಡನೆಯ ಪತ್ರ ಯಾರಿಂದ ಎಂದು ಕಾಲೇಜುಗಳು ಕೈಚೆಲ್ಲುತ್ತವೆ. ಕನ್ನಡ ಉಪನ್ಯಾಸಕರು ಕೊಡಬಹುದು. ಹಳಗನ್ನಡದ ಪದ್ಯವೊಂದನ್ನು ಬಿಡಿಸುವಾಗ ಆ ಹುಡುಗಿ ತಂದ ಬೇರೆಯೇ ಅರ್ಥದ ಬಗ್ಗೆ ಅವರು ಬರೆದ ಒಂದು ಪುಟ ಆ ಅರ್ಜಿಯ ಅತ್ಯುತ್ತಮ ಕಾಗದವಾಗಬಲ್ಲದು. ಅವರು ಕನ್ನಡದಲ್ಲೇ ಬರೆಯಲಿ, ಸಹೋದ್ಯೋಗಿಯೊಬ್ಬರು ಇಂಗ್ಲಿಷಿಗೆ ತಂದು ಇಬ್ಬರೂ ಸಹಿ ಮಾಡಲಿ.

ಇಲ್ಲಿಗೆ ಈ ಪತ್ರದ ಅತ್ಯಂತ ಗಂಭೀರ ದೂರಿಗೆ ಬರುತ್ತೇವೆ. "ನೀನೇ ಬರೆದುಕೊಂಡು ಬಾ, ಸಹಿ ಹಾಕುತ್ತೇನೆ" ಎನ್ನುವುದು ರೂಢಿಯಾಗಿದೆ. ಅದಕ್ಕಿಂತ ಕೆಟ್ಟದ್ದೂ ಇದೆ: ಉಪನ್ಯಾಸಕರ ಹೆಸರಿನಲ್ಲಿ ವಿದ್ಯಾರ್ಥಿಯೋ ಏಜೆಂಟನೋ ಒಂದು ಇಮೇಲ್ ತೆರೆದು, ತಾವೇ ಪತ್ರ ಬರೆದು, ತಾವೇ ಸಲ್ಲಿಸುವುದು. ಉಪನ್ಯಾಸಕರಿಗೆ ಇಮೇಲ್ ನೋಡುವ ಅಭ್ಯಾಸವಿಲ್ಲ ಎಂಬ ಕಾರಣಕ್ಕೆ ಕಾಲೇಜೇ ಇದಕ್ಕೆ ಒಪ್ಪಿಗೆ ಕೊಟ್ಟದ್ದೂ ಉಂಟು. ಇದು ವಂಚನೆ. ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯದಲ್ಲಿ ಪೂರ್ತಿ ನೆರವಿನೊಂದಿಗೆ ಓದುತ್ತಿದ್ದ ಭಾರತದ ವಿದ್ಯಾರ್ಥಿಯೊಬ್ಬನ ಅರ್ಜಿಯಲ್ಲಿ ಅಂಕಪಟ್ಟಿಯಿಂದ ತಂದೆಯ ಮರಣ ಪ್ರಮಾಣಪತ್ರದವರೆಗೆ ಎಲ್ಲವೂ ನಕಲಿ ಎಂದು 2024ರಲ್ಲಿ ಬಯಲಾಯಿತು. ಬಂಧನ, ಮೊಕದ್ದಮೆ, ಕೊನೆಗೆ ದೇಶಕ್ಕೆ ವಾಪಸು. ಅಂಥ ಒಂದೊಂದು ಪ್ರಕರಣವೂ ಭಾರತದ ಶಾಲೆಗಳಿಂದ ಬರುವ ಪ್ರತಿ ಕಾಗದವನ್ನೂ ಅನುಮಾನದ ಕಣ್ಣಿಗೆ ಒಡ್ಡುತ್ತದೆ. ಪ್ರಾಮಾಣಿಕ ಮಕ್ಕಳಿಗೆ ಆಗ ಆಸರೆಯಾಗುವುದು ನಿಮ್ಮ ಕಾಲೇಜಿನ ಅಧಿಕೃತ ಇಮೇಲ್ ಮತ್ತು ಕರೆ ಮಾಡಿದರೆ ಉತ್ತರಿಸುವ ಒಂದು ದೂರವಾಣಿ. ಕಾಲೇಜಿನದೇ ಡೊಮೈನ್ ಇಲ್ಲದಿದ್ದರೆ, ಕಾಲೇಜಿನ ಹೆಸರಿನಲ್ಲಿರುವ ಒಂದೇ ಒಂದು ಸ್ಥಿರವಾದ ವಿಳಾಸವನ್ನು ಪರಿಚಯ ಪತ್ರದಲ್ಲಿ, ಲೆಟರ್‌ಹೆಡ್‌ನಲ್ಲಿ, ಜಾಲತಾಣದಲ್ಲಿ ಒಂದೇ ರೀತಿ ನಮೂದಿಸಿ. ಪದವಿಪೂರ್ವ ಶಿಕ್ಷಣ ಇಲಾಖೆ ಪ್ರತಿ ಕಾಲೇಜಿಗೂ ಸರ್ಕಾರಿ ಡೊಮೈನಿನ ವಿಳಾಸವನ್ನು ಕೊಟ್ಟು, ಅದನ್ನು ಬಳಸುವಂತೆ ಸುತ್ತೋಲೆ ಹೊರಡಿಸಬೇಕೆಂದು ಈ ಪತ್ರದ ಮೂಲಕ ಇಲಾಖೆಯನ್ನೂ ಕೇಳುತ್ತೇವೆ.

ಸಲ್ಲಿಸುವ ಕ್ರಮ ಕಷ್ಟದ್ದಲ್ಲ. ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ಜಾಲತಾಣವಾದ ಕಾಮನ್ ಆ್ಯಪ್ ಪ್ರತಿ ಆಗಸ್ಟ್ 1ಕ್ಕೆ ಹೊಸ ಸಾಲಿಗೆ ತೆರೆಯುತ್ತದೆ. ವಿದ್ಯಾರ್ಥಿ ಮೊದಲು ಫೆರ್ಪಾ ಎಂಬ, ವಿದ್ಯಾರ್ಥಿ ದಾಖಲೆಗಳ ಗೋಪ್ಯತೆ ಕಾಯುವ 1974ರ ಅಮೆರಿಕದ ಕಾನೂನಿನಡಿ ಒಂದು ಒಪ್ಪಿಗೆ ತುಂಬಬೇಕು. ಶಿಫಾರಸು ಪತ್ರ ನೋಡುವ ಹಕ್ಕನ್ನು ಬಿಟ್ಟುಕೊಡುವುದೇ ಅಲ್ಲಿನ ವಾಡಿಕೆ, ಆಗ ಮಾತ್ರ ಪತ್ರಕ್ಕೆ ತೂಕ. ಆಮೇಲೆ ನಿಮ್ಮ ಇಮೇಲಿಗೆ ಒಂದು ಕೊಂಡಿ ಬರುತ್ತದೆ. ಅದು ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಬಿದ್ದಿರುವುದೇ ಹೆಚ್ಚು, ಅಲ್ಲಿ ಹುಡುಕಿಸಿ. ದಾಖಲೆಗಳನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಹಾಕಬೇಡಿ. ಸ್ಕ್ಯಾನ್ ಮಾಡಿದ ಚಿಕ್ಕ ಪಿಡಿಎಫ್ ಮಾಡಿ, ಎಲ್ಲ ಪುಟ ನೇರವಾಗಿವೆಯೇ, ಮೊಹರು ಓದಲು ಬರುತ್ತದೆಯೇ ನೋಡಿ. ಒಮ್ಮೆ ಸಲ್ಲಿಸಿದರೆ ತಿದ್ದಲು ಬರುವುದಿಲ್ಲ, ಅದೇ ಪತ್ರ ಆ ವಿದ್ಯಾರ್ಥಿಯ ಎಲ್ಲ ಕಾಲೇಜುಗಳಿಗೂ ಹೋಗುತ್ತದೆ. ಆದ್ದರಿಂದ ಪತ್ರದಲ್ಲಿ ಯಾವುದೇ ಒಂದು ವಿಶ್ವವಿದ್ಯಾಲಯದ ಹೆಸರು ಇರಬಾರದು.

ಗಡುವುಗಳು ಮುಖ್ಯವಾಗಿ ಎರಡು. ಮುಂಚಿತ ಅರ್ಜಿಗೆ ನವೆಂಬರ್ 1, ಸಾಮಾನ್ಯ ಅರ್ಜಿಗೆ ಜನವರಿಯ ಮೊದಲ ವಾರ. ದಸರಾ ರಜೆ, ಮಧ್ಯವಾರ್ಷಿಕ ಪರೀಕ್ಷೆ, ದೀಪಾವಳಿ ಎಲ್ಲವೂ ಮೊದಲನೆಯದರ ಆಸುಪಾಸಿನಲ್ಲೇ ಬೀಳುತ್ತವೆ. ಸೆಪ್ಟೆಂಬರ್ ಕೊನೆಗೇ ಕೆಲಸ ಮುಗಿದಿದ್ದರೆ ಒಳ್ಳೆಯದು. ಶಾಲೆಯ ಕಾಗದ ಕೆಲವು ದಿನ ತಡವಾದರೆ ಸಾಮಾನ್ಯವಾಗಿ ಒಪ್ಪುತ್ತಾರೆ, ವಾರಗಟ್ಟಲೆ ಕಾಯುವುದಿಲ್ಲ. ಇನ್ನೊಂದು ಎಚ್ಚರಿಕೆ. ಅರ್ಲಿ ಡಿಸಿಷನ್ ಎಂಬ ಬಗೆಯಲ್ಲಿ ವಿದ್ಯಾರ್ಥಿ, ಪೋಷಕರು ಮತ್ತು ನೀವು ಮೂವರೂ ಸಹಿ ಮಾಡುತ್ತೀರಿ. ಆಯ್ಕೆಯಾದರೆ, ಕೊಟ್ಟ ನೆರವು ಸಾಲುತ್ತಿದ್ದರೆ, ಅಲ್ಲಿಗೇ ಹೋಗುತ್ತೇನೆ, ಉಳಿದ ಅರ್ಜಿಗಳನ್ನು ಹಿಂಪಡೆಯುತ್ತೇನೆ ಎಂಬ ವಚನ ಅದು. ಒಬ್ಬ ವಿದ್ಯಾರ್ಥಿಗೆ ಇಂಥ ಎರಡು ಕಡೆಗೆ ಒಮ್ಮೆಗೇ ಸಹಿ ಮಾಡಿಕೊಟ್ಟರೆ ಕಾಲೇಜಿನ ಮಾತೇ ಸುಳ್ಳಾಗುತ್ತದೆ.

ಅರ್ಜಿ ಶುಲ್ಕದ ವಿನಾಯಿತಿ ಪತ್ರಕ್ಕೆ ಹಿಂಜರಿಯುವ ಪ್ರಾಂಶುಪಾಲರಿದ್ದಾರೆ. ಒಂದೊಂದು ಕಾಲೇಜಿಗೆ 75ರಿಂದ 90 ಡಾಲರ್. ಎಂಟು ಕಾಲೇಜಿಗೆ ಹಾಕಿದರೆ ರೂಪಾಯಿಯಲ್ಲಿ ಐವತ್ತು ಸಾವಿರ ದಾಟುತ್ತದೆ. ಈ ಶುಲ್ಕ ಆ ಕುಟುಂಬಕ್ಕೆ ಹೊರೆ ಎಂದು ನೀವು ದೃಢೀಕರಿಸಿದರೆ ಬಹಳಷ್ಟು ಕಾಲೇಜುಗಳು ಮನ್ನಾ ಮಾಡುತ್ತವೆ. ಅದು ಆದಾಯ ಪ್ರಮಾಣಪತ್ರವಲ್ಲ. ಅದನ್ನು ಕೊಡಲು ತಹಶೀಲ್ದಾರರಿದ್ದಾರೆ. ನಿಮ್ಮಿಂದ ಬೇಕಾದ್ದು ನಿಮಗೆ ಗೊತ್ತಿರುವ ನಿಜದ ಎರಡು ಸಾಲು. ರೈತ ಕುಟುಂಬಗಳಿಗೆ ಇನ್ನೊಂದು ಸಾಲೂ ಉಪಕಾರ ಮಾಡುತ್ತದೆ. ಕೃಷಿ ಆದಾಯಕ್ಕೆ ಭಾರತದಲ್ಲಿ ಆದಾಯ ತೆರಿಗೆ ಇಲ್ಲ, ಹಾಗಾಗಿ ಐಟಿ ರಿಟರ್ನ್ ಇಲ್ಲ. ನೆರವಿನ ಅರ್ಜಿ ಓದುವವರಿಗೆ ಇದು ತಿಳಿಯದಿದ್ದರೆ ದಾಖಲೆ ಮುಚ್ಚಿಟ್ಟಂತೆ ಕಾಣುತ್ತದೆ. ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ ಕಾಲೇಜಿಗೆ ಬರುವ ಹುಡುಗ ಅದನ್ನು ಚಟುವಟಿಕೆ ಪಟ್ಟಿಯಲ್ಲಿ ಬರೆಯಲು ನಾಚುತ್ತಾನೆ. ಮನೆಯ ಹೊಣೆಗಾರಿಕೆಗೆ ಆ ಪಟ್ಟಿಯಲ್ಲಿ ಪ್ರತ್ಯೇಕ ವರ್ಗವೇ ಇದೆ. ನಿಮ್ಮ ಪತ್ರ ಅದನ್ನು ಹೇಳಿದರೆ ಅವನ ಮಾತಿಗೆ ಸಾಕ್ಷಿ ಸಿಕ್ಕಂತಾಯಿತು.

ಹೆಸರಿನ ಗೊಂದಲ ನಮ್ಮ ಕಡೆಗೇ ವಿಶೇಷ. ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಒಂದೆರಡು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ತಿ ಹೆಸರು, ಎಸ್‌ಎಟಿ ನೋಂದಣಿಯಲ್ಲಿ ಊರಿನ ಹೆಸರು. ಮೂರು ಕಡೆ ಮೂರು ಹೆಸರಾದರೆ ದಾಖಲೆಗಳು ಒಂದೇ ಕಡತಕ್ಕೆ ಸೇರುವುದಿಲ್ಲ, ಅರ್ಜಿ ಅಪೂರ್ಣವೆಂದು ತೋರಿಸುತ್ತಲೇ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿಯಿದ್ದರೆ ಅಮೆರಿಕದ ವೀಸಾದಲ್ಲಿ ಇರುವ ಹೆಸರೇ ಉಪನಾಮವಾಗಿ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ತಿಳಿದಿಲ್ಲ) ಎಂಬ ಮೂರಕ್ಷರ ಕೂರುತ್ತದೆ. ಮುಂದೆ ಬ್ಯಾಂಕು, ಚಾಲನಾ ಪರವಾನಗಿ ಎಲ್ಲದರಲ್ಲೂ ಅದೇ ಬೆನ್ನು ಹತ್ತುತ್ತದೆ. ಪ್ರಥಮ ಪಿಯುಸಿಯಲ್ಲೇ ಪಾಸ್‌ಪೋರ್ಟ್ ಮಾಡಿಸಿ, ಅದರಲ್ಲಿರುವಂತೆಯೇ ಎಲ್ಲ ಕಡೆ ಬರೆಯಿರಿ ಎಂದು ಮಕ್ಕಳಿಗೆ ಹೇಳಿ. ನಿಮ್ಮ ದಾಖಲೆಯಲ್ಲಿ ಇನಿಷಿಯಲ್ ಇದ್ದರೆ ಅದರ ವಿಸ್ತರಣೆಯನ್ನು ದೃಢೀಕರಿಸುವ ಒಂದು ಸಾಲನ್ನು ಅಂಕಗಳ ಹಾಳೆಯಲ್ಲೇ ಸೇರಿಸಿ.

ಪರೀಕ್ಷೆಗಳ ಬಗ್ಗೆ ಹಳೆಯ ಮಾಹಿತಿ ಇನ್ನೂ ಓಡಾಡುತ್ತಿದೆ. ಕೋವಿಡ್ ಕಾಲದಲ್ಲಿ ಎಸ್‌ಎಟಿ ಐಚ್ಛಿಕವಾಗಿದ್ದು ನಿಜ. ಆದರೆ ಎಂಐಟಿ 2022ರಲ್ಲೇ, ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್, ಕ್ಯಾಲ್‌ಟೆಕ್ 2024ರಲ್ಲಿ ಅದನ್ನು ಮತ್ತೆ ಕಡ್ಡಾಯಗೊಳಿಸುವುದಾಗಿ ಪ್ರಕಟಿಸಿದವು. ಸಂಯೋಜಿತ ಕೋಚಿಂಗ್ ನಡೆಸುವ ಕಾಲೇಜುಗಳಿಗೆ ಇಲ್ಲೊಂದು ವಿಶೇಷ ಮನವಿ. ಎಸ್‌ಎಟಿ ಬರೆಯಲು ಹೋದ ಶನಿವಾರವನ್ನು ಗೈರುಹಾಜರಿ ಎಂದು ದಂಡ ಹಾಕಬೇಡಿ. ಜೆಇಇ, ಸಿಇಟಿ ರ‍್ಯಾಂಕಿನ ಫ್ಲೆಕ್ಸ್‌ನಲ್ಲಿ ಮುಖ ಬರದ ವಿದ್ಯಾರ್ಥಿಯೂ ನಿಮಗೆ ಪೂರ್ತಿ ಶುಲ್ಕ ಕಟ್ಟಿದ ವಿದ್ಯಾರ್ಥಿಯೇ. ಶಿಫಾರಸು ಪತ್ರಕ್ಕೆ, ಮಧ್ಯವಾರ್ಷಿಕ ಅಂಕದ ಪ್ರತಿಗೆ ಬೇರೆ ಹಣ ಕೇಳುವುದು ಅನ್ಯಾಯ. ಮೂಲ ಅಂಕಪಟ್ಟಿಗಳನ್ನು ಕಚೇರಿಯಲ್ಲಿ ತಡೆಹಿಡಿಯುವುದೂ ಅನ್ಯಾಯ.

ನಿಮ್ಮ ಮೇಲಿನ ಹೊರೆ ನಮಗೆ ತಿಳಿಯದ್ದಲ್ಲ. ಖಾಲಿ ಹುದ್ದೆಗಳು, ಪರೀಕ್ಷಾ ಕೆಲಸ, ಮೌಲ್ಯಮಾಪನ, ಅದರ ನಡುವೆ ಒಬ್ಬ ಗುಮಾಸ್ತ. ಅಮೆರಿಕದ ಶಾಲೆಗಳಲ್ಲಿ ಈ ಕೆಲಸಕ್ಕೇ ಸಂಬಳದ ಸಲಹೆಗಾರರಿರುತ್ತಾರೆ. ನಮ್ಮಲ್ಲಿ ಪ್ರಾಂಶುಪಾಲರೇ ಆ ಹೆಸರಿನಲ್ಲಿ ಸಹಿ ಮಾಡಬೇಕು. ಅದಕ್ಕೇ ಕೇಳುವುದನ್ನು ಚಿಕ್ಕದಾಗಿಯೇ ಕೇಳುತ್ತೇವೆ. ಪ್ರತಿ ಕಾಲೇಜಿನಲ್ಲಿ ಒಬ್ಬ ಉಪನ್ಯಾಸಕರಿಗೆ ಈ ಹೊಣೆ ಕೊಟ್ಟು ಹೆಸರನ್ನು ಸೂಚನಾ ಫಲಕದಲ್ಲಿ ಹಾಕಿ. ಪರಿಚಯ ಪತ್ರ ಮತ್ತು ನಾಲ್ಕು ವರ್ಷದ ಅಂಕಗಳ ಹಾಳೆಯ ನಮೂನೆಯನ್ನು ಬೇಸಿಗೆ ರಜೆಯಲ್ಲೇ ತಯಾರಿಸಿಡಿ. ತಿಳಿಯದ್ದನ್ನು ಕೇಳಲು ಅಮೆರಿಕ ಸರ್ಕಾರದ ಬೆಂಬಲವಿರುವ ಎಜುಕೇಷನ್ ಯುಎಸ್‌ಎ ಸಲಹಾ ಕೇಂದ್ರಗಳಿವೆ. ಏಪ್ರಿಲ್ ಫಲಿತಾಂಶ ಬಂದ ವಾರವೇ, ಸೀಟು ಒಪ್ಪಿಕೊಂಡ ವಿದ್ಯಾರ್ಥಿಯ ಅಂತಿಮ ವರದಿಯನ್ನು ಕಳುಹಿಸಿ. ಮೇ 1ಕ್ಕೆ ಒಪ್ಪಿಗೆ ಕೊಟ್ಟು, ಜುಲೈಯಲ್ಲೂ ಆ ಒಂದು ಕಾಗದಕ್ಕಾಗಿ ಕಾಲೇಜಿನ ಮೆಟ್ಟಿಲು ಹತ್ತಿಳಿಯುವಂತೆ ಮಾಡಬೇಡಿ. ಈ ವರ್ಷದ ಪ್ರಥಮ ಪಿಯುಸಿ ಮಕ್ಕಳಿಗೆ ಆಗಸ್ಟ್ 1 ಬರುವ ಮೊದಲೇ, ಯಾರು ಯಾರು ಅರ್ಜಿ ಹಾಕುವವರಿದ್ದೀರಿ, ಹೆಸರು ಕೊಡಿ ಎಂದು ತರಗತಿಯಲ್ಲಿ ಒಮ್ಮೆ ಕೇಳಿಸಿ.

ಇಂತಿ ವಿಶ್ವಾಸಿಗಳು,
ವಿದೇಶ ವ್ಯಾಸಂಗದ ಅರ್ಜಿಗಳಲ್ಲಿ ವಿದ್ಯಾರ್ಥಿಗಳಿಗೆ ನೆರವಾಗುವ ಕನ್ನಡಿಗರು